ನಿಲ್ಲಲು ಬಾರದ ಬಾಟಲಿ

ಮೊದಲೇ ಒಪ್ಪಿಕೊಂಡುಬಿಡ್ತೀನಿ. ನಾನು ಒಂದು ಖಾಲಿ ಬಾಟಲಿಗೆ 1,400 ರೂಪಾಯಿ ಕೊಟ್ಟಿದೀನಿ. ಒಳಗೆ ಏನೂ ಇರಲಿಲ್ಲ. ಮುಚ್ಚಳ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅದಕ್ಕೆ ಕೂರೋಕೆ ತಳವೇ ಇರಲಿಲ್ಲ.

ತಳ ಇಲ್ಲ ಅಂದರೆ ತೂತಾಗಿದೆ ಅಂತಲ್ಲ. ಒಂದು ತುದಿಯಲ್ಲಿ ಬಾಯಿ, ಇನ್ನೊಂದು ತುದಿ ಮೊಟ್ಟೆಯ ಹಾಗೆ ದುಂಡಗೆ. ಮೇಜಿನ ಮೇಲೆ ನಿಲ್ಲಿಸಿದರೆ ಬೀಳುತ್ತೆ. ಮಲಗಿಸಿದರೆ ಉರುಳುತ್ತೆ. ಒಂದು ಗೇಣುದ್ದ, ದಪ್ಪನೆಯ ಸೌತೆಕಾಯಿಯ ಆಕಾರ, ತೆಳು ಹಸಿರು ಬಣ್ಣದ ಗಾಜು, ಕೈಗೆ ತಗೊಂಡರೆ ಅಷ್ಟು ಚಿಕ್ಕ ಬಾಟಲಿಗೆ ಇರಬಾರದಷ್ಟು ಭಾರ. ಮೈಮೇಲೆ ಉಬ್ಬು ಅಕ್ಷರಗಳಿದ್ದವು, ಆದರೆ ಸವೆದು ಹೋಗಿ ಕೊನೆಯ 'ಆಂಡ್ ಕೋ' ಮಾತ್ರ ಬೆರಳಿಗೆ ಸಿಗುತ್ತಿತ್ತು.

ಸಿಕ್ಕಿದ್ದು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ. ಹಳೆ ಚಾರ್ಜರ್, ಒಂಟಿ ಶೂ, ಮುಳ್ಳಿಲ್ಲದ ಗಡಿಯಾರಗಳ ನಡುವೆ ಟಾರ್ಪಾಲಿನ ಮೇಲೆ ಮಲಗಿತ್ತು. "ಏನಣ್ಣ ಇದು?" ಅಂದೆ. ಮಾರುವವನು ನನ್ನ ಬ್ಯಾಕ್‌ಪ್ಯಾಕನ್ನೂ ಕೊರಳಲ್ಲಿದ್ದ ಹೆಡ್‌ಫೋನನ್ನೂ ಒಂದು ಸಲ ನೋಡಿ, "ಮಹಾರಾಜ್ರ ಕಾಲದ ಅತ್ತರ್ ಬಾಟ್ಲಿ ಸಾರ್, ಎರಡೂವರೆ ಸಾವಿರ" ಅಂದ. ಅತ್ತರ್ ಇಡೋಕೆ ಇಷ್ಟು ದೊಡ್ಡ ಬಾಟಲಿ ಯಾಕೆ ಅಂತ ಕೇಳೋ ಬುದ್ಧಿ ಆಗ ಬರಲಿಲ್ಲ. ಚೌಕಾಸಿ ಮಾಡಿ ತಂದೆ. ತಂದ ಮೇಲೆ ನಿಲ್ಲಲ್ಲವಲ್ಲ ಅಂತ ಬಡಗಿ ಹತ್ತಿರ ಒಂದು ಮರದ ಸ್ಟ್ಯಾಂಡ್ ಮಾಡಿಸಿದೆ. ಅದಕ್ಕೆ 350. ಟೀವಿ ಪಕ್ಕ ನೆಟ್ಟಗೆ ನಿಲ್ಲಿಸಿ, ಸಣ್ಣ ದೀಪದ ಸರ ಸುತ್ತಿ, ಫೋಟೋ ತೆಗೆದದ್ದಾಯಿತು.

ಆಮೇಲೆ ಶುರುವಾಯಿತು ನೋಡಿ, ಇದು ಏನು ಅನ್ನೋ ಹುಡುಕಾಟ. ಈ ಬರಹ ಆ ಬಾಟಲಿಯ ಬಗ್ಗೆ ಎಷ್ಟೋ, ಆ ಹುಡುಕಾಟದ ಬಗ್ಗೆಯೂ ಅಷ್ಟೇ. ಹಳೆಯ ವಸ್ತುವೊಂದನ್ನು 'ಗುರುತಿಸೋದು' ಅಂತ ನಾವು ಏನನ್ನು ಕರೀತೀವೋ ಅದರ ಮೇಲೆ ನನಗೊಂದು ತಕರಾರಿದೆ.

ಮೊದಲು ಫೋನು. ಫೋಟೋ ತೋರಿಸಿದರೆ ವಸ್ತುವಿನ ಹೆಸರು ಹೇಳುವ ಆ್ಯಪ್ ಇದೆಯಲ್ಲ, ಅದಕ್ಕೆ ತೋರಿಸಿದೆ. ಸ್ಟ್ಯಾಂಡಿನಲ್ಲಿ ನಿಲ್ಲಿಸಿ ತೋರಿಸಿದರೆ ಹೂದಾನಿ ಅಂತು. ಸ್ಟ್ಯಾಂಡ್ ತೆಗೆದು ಮಲಗಿಸಿದರೆ ಮೀನುಬಲೆಗೆ ಕಟ್ಟುವ ತೇಲುಗುಂಡು ಅಂತು. ತಲೆಕೆಳಗು ಹಿಡಿದು ತೋರಿಸಿದಾಗ ಒಮ್ಮೆ ದೀಪದ ಬುರುಡೆ ಅಂತು. ನಾನು ಸಾಫ್ಟ್‌ವೇರಿನವನು, ಅದರ ಕಷ್ಟ ನನಗೆ ಅರ್ಥವಾಗುತ್ತೆ. ಅದು ಹೋಲಿಕೆ ಹುಡುಕುತ್ತೆ. ಬೇರೆ ಬೇರೆ ಚಿತ್ರಗಳಲ್ಲಿ ಯಾವುದರ ಅಂಚು ಇದರ ಅಂಚಿಗೆ ಹತ್ತಿರ, ಯಾವುದರ ಬಣ್ಣ ಇದರ ಬಣ್ಣಕ್ಕೆ ಹತ್ತಿರ ಅಂತ ನೋಡುತ್ತೆ. ಭಾರ ಅದಕ್ಕೆ ಗೊತ್ತಾಗಲ್ಲ. ಗಾಜು ಎಷ್ಟು ದಪ್ಪ ಅಂತ ಗೊತ್ತಾಗಲ್ಲ. ನಿಲ್ಲಲ್ಲ ಅನ್ನೋದು ಮೊದಲೇ ಗೊತ್ತಾಗಲ್ಲ, ಯಾಕೆಂದರೆ ನಾನೇ ಸ್ಟ್ಯಾಂಡ್ ಹಾಕಿ ಮುಚ್ಚಿಟ್ಟಿದ್ದೆ.

ಎರಡನೆಯದು ಹಳೆ ಗಾಜಿನ ಬಗ್ಗೆ ಎಲ್ಲರೂ ಹೇಳುವ ಸೂತ್ರಗಳು. ಆಫೀಸಿನಲ್ಲಿ ಇಂಥ ಸಾಮಾನು ಕೂಡಿಡುವ ಇಬ್ಬರಿದ್ದಾರೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಗುಳ್ಳೆ ಇದೆ, ಹಳೇದೇ" ಅಂದರು. ಈ ಗುಳ್ಳೆ ಸೂತ್ರ ಪೂರ್ತಿ ಟೊಳ್ಳು. ಗಾಜು ಕರಗಿದಾಗ ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗದಿದ್ದರೆ ಗುಳ್ಳೆ ಉಳಿಯುತ್ತೆ, ಅಷ್ಟೇ. ಇವತ್ತಿಗೂ ಬಾಯಲ್ಲಿ ಊದಿ ಮಾಡುವ ಗಾಜಿನಲ್ಲಿ ಗುಳ್ಳೆ ಇರುತ್ತೆ. ಬೇಕಂತಲೇ ಗುಳ್ಳೆ ಬರಿಸಿ ಮಾಡುವ ಲೋಟಗಳು ಮಾಲ್‌ಗಳಲ್ಲೇ ಸಿಗುತ್ತವೆ.

ಇನ್ನೊಂದು ಸೂತ್ರ ನೇರಳೆ ಬಣ್ಣದ್ದು. ನೇರಳೆ ಛಾಯೆ ಇದ್ದರೆ ನೂರು ವರ್ಷ ಹಳೆಯದು ಅಂತ. ಇದರಲ್ಲಿ ಅರ್ಧ ನಿಜ ಇದೆ. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಗಾಜಿಗೆ ಹಸಿರು ಬರುತ್ತೆ, ನನ್ನ ಬಾಟಲಿಯ ಹಸಿರೂ ಅದೇ. ಆ ಹಸಿರನ್ನು ಅಳಿಸೋಕೆ ಹಿಂದೆ ಮ್ಯಾಂಗನೀಸ್ ಬೆರೆಸುತ್ತಿದ್ದರು. ಅಂಥ ಗಾಜು ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದರೆ ನೇರಳೆಯಾಗುತ್ತೆ. ಆದರೆ ಅದೇ ಗಾಜಿಗೆ ವಿಕಿರಣ ಹಾಯಿಸಿದರೆ ಬೇಗನೆ ಕಡು ನೇರಳೆ ಬರುತ್ತೆ, ಹಾಗೆ ಮಾಡಿ ಮಾರುವವರೂ ಇದ್ದಾರೆ.

ಮೂರನೆಯ ಸೂತ್ರ ಅಚ್ಚಿನ ಗೆರೆಯದು. ಇದು ಸ್ವಲ್ಪ ಗಟ್ಟಿ. ಅಚ್ಚಿನ ಎರಡು ಭಾಗ ಕೂಡುವಲ್ಲಿ ಬಾಟಲಿಯ ಮೈಮೇಲೆ ಸಣ್ಣ ಗೆರೆ ಉಳಿಯುತ್ತೆ. ಹಳೆಯ ಕಾಲದಲ್ಲಿ ಮೈಯನ್ನು ಅಚ್ಚಿನೊಳಗೆ ಊದಿ, ಬಾಯಿಗೆ ಬೇರೆ ಬಿಸಿ ಗಾಜು ಸುತ್ತಿ ಉಪಕರಣದಿಂದ ತಿರುಗಿಸಿ ಕೂರಿಸುತ್ತಿದ್ದರು. ಅದಕ್ಕೇ ಗೆರೆ ಕುತ್ತಿಗೆಯಲ್ಲೇ ನಿಂತುಹೋಗುತ್ತೆ. 1903ರಲ್ಲಿ ಅಮೆರಿಕದ ಮೈಕೆಲ್ ಓವೆನ್ಸ್ ಪೂರ್ತಿ ತಾನೇ ಬಾಟಲಿ ಮಾಡುವ ಯಂತ್ರ ತಂದ. ಅಂಥ ಯಂತ್ರದ ಬಾಟಲಿಗಳಲ್ಲಿ ಗೆರೆ ತುಟಿಯವರೆಗೂ ಹೋಗುತ್ತೆ. ನನ್ನ ಬಾಟಲಿಯ ಗೆರೆ ತುಟಿಯ ಕೆಳಗೇ ಮಾಯ. ಹಾಗಾಗಿ ಬಾಯಿ ಕೈಕೆಲಸ. ಆದರೆ ಇಲ್ಲೂ ಜಾಣತನ ಹೆಚ್ಚಾದರೆ ಕಷ್ಟ. ಅಚ್ಚಿನೊಳಗೇ ಬಾಟಲಿಯನ್ನು ತಿರುಗಿಸಿ ಮಾಡಿದರೆ ಗೆರೆಯೇ ಅಳಿಸಿಹೋಗುತ್ತೆ. ಗೆರೆ ಎಷ್ಟು ಎತ್ತರಕ್ಕಿದೆ ಅಂತ ಅಳೆದು ಇಸವಿ ಹೇಳ್ತೀವಿ ಅನ್ನುವವರನ್ನು ನಂಬಬೇಡಿ.

ಸರಿ, ಇಷ್ಟಾದ ಮೇಲೆ ನನಗೆ ಸಿಕ್ಕಿದ್ದು ಏನು? ಇದು ಸುಮಾರು ಯಾವ ಕಾಲದ್ದು ಅನ್ನೋ ಅಂದಾಜು. ಇದು ಏನು ಅನ್ನೋದು ಹಾಗೇ ಉಳಿದಿತ್ತು. ಮಾರುವವನು ಕಥೆ ಕೊಟ್ಟ. ಆ್ಯಪ್ ಹೋಲಿಕೆ ಕೊಟ್ಟಿತು. ಸಂಗ್ರಹಕಾರರು ವಯಸ್ಸು ಕೊಟ್ಟರು, ಜೊತೆಗೆ "ಮೂರು ಸಾವಿರಕ್ಕಾದರೂ ಹೋಗುತ್ತೆ ಬಿಡಪ್ಪ" ಅಂತ ಬೆಲೆಯನ್ನೂ ಕೊಟ್ಟರು. ಇದಕ್ಕೆ ತಳ ಯಾಕಿಲ್ಲ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಸ್ಟ್ಯಾಂಡ್ ಮಾಡಿಸಿದೆ.

ಮೂರು ವಾರದ ನಂತರ ಅಪ್ಪ ಬೆಂಗಳೂರಿಗೆ ಬಂದರು, ಕಣ್ಣು ತೋರಿಸೋಕೆ. ಬ್ಯಾಗ್ ಇಳಿಸಿ, ನೀರು ಕುಡಿದು, ಟೀವಿ ಕಡೆ ತಿರುಗಿದವರು ಕನ್ನಡಕ ಏರಿಸಿ ನೋಡಿದರು.

"ಏನ್ಲಾ ಇದು, ಸೋಡಾ ಬಾಟ್ಲಿಗೆ ಕುರ್ಚಿ ಮಾಡ್ಸಿದೀಯ?"

ನಾನು ನಕ್ಕೆ. ಇದು ಸೋಡಾ ಬಾಟ್ಲಿ ಅಲ್ಲಪ್ಪ, ಗೋಲಿ ಎಲ್ಲಿದೆ ಇದರಲ್ಲಿ ಅಂದೆ. ಅಪ್ಪ ಅದನ್ನು ಎತ್ತಿಕೊಂಡು ಕೈಯಲ್ಲೇ ಎರಡು ಸಲ ತೂಗಿದರು. ಉಗುರಿನಿಂದ ತಟ್ಟಿದರು. ಬಾಯೊಳಗೆ ಹೆಬ್ಬೆರಳು ಇಟ್ಟು ತಿರುಗಿಸಿದರು. "ಗೋಲಿ ಇಲ್ದಿದ್ರೇನು. ಗ್ಯಾಸ್ ತಡೆಯೋಕಲ್ದೆ ಇಷ್ಟು ದಪ್ಪ ಗಾಜು ಯಾರ್ ಹಾಕ್ತಾರೆ? ಗಾಜಿಗೆ ದುಡ್ಡು ಕೊಡ್ಬೇಕಲ್ವಾ?"

ಹೇಳಲು ಮರೆತೆ. ತುರುವೇಕೆರೆ ಕಡೆಯ ನಮ್ಮೂರಲ್ಲಿ ಅಪ್ಪನದು ಸಣ್ಣ ಅಂಗಡಿ ಇತ್ತು. ಅಂಗಡಿಯ ಹಿಂದೆ ಕೈಯಲ್ಲಿ ತಿರುಗಿಸುವ ಸೋಡಾ ಮೆಷಿನ್. ಸಂತೆ ದಿನ, ಜಾತ್ರೆ ದಿನ ಗೋಲಿ ಸೋಡಾ ತುಂಬಿಸಿ ತುಂಬಿಸಿ ಅವರ ಭುಜ ಊದಿಕೊಳ್ಳುತ್ತಿತ್ತು.

ಅಪ್ಪ 'ಸೋಡಾ' ಅಂದಿದ್ದೇ ತಡ, ಹುಡುಕಾಟದ ಬಾಗಿಲು ತೆರೆಯಿತು. ಆ ಒಂದು ಪದ ಹಾಕಿ ಹುಡುಕಿದರೆ ಮ್ಯೂಸಿಯಂಗಳ ಪಟ್ಟಿಗಳಲ್ಲಿ ಇದೇ ಬಾಟಲಿ ಸಾಲು ಸಾಲಾಗಿ ಮಲಗಿದೆ. ಮೂರು ವಾರ ಸಿಗದೇ ಇದ್ದದ್ದು ಹತ್ತು ನಿಮಿಷಕ್ಕೆ ಸಿಕ್ಕಿತು. ಹುಡುಕೋ ಯಂತ್ರದ ಮಿತಿ ಇಲ್ಲೇ ಇರೋದು. ಮುಕ್ಕಾಲು ಪಾಲು ಉತ್ತರ ಗೊತ್ತಿದ್ದವನಿಗೆ ಮಾತ್ರ ಅದು ಉಳಿದ ಕಾಲು ಭಾಗ ಕೊಡುತ್ತೆ.

ಇಂಗ್ಲಿಷಿನಲ್ಲಿ ಇದನ್ನು ಹ್ಯಾಮಿಲ್ಟನ್ ಬಾಟಲಿ ಅಂತಾರೆ, ಸಂಗ್ರಹಕಾರರ ಬಾಯಲ್ಲಿ ಟಾರ್ಪಿಡೊ ಬಾಟಲಿ. ಸಮುದ್ರದಲ್ಲಿ ತಾನೇ ಓಡುವ ಟಾರ್ಪಿಡೊವನ್ನು ರಾಬರ್ಟ್ ವೈಟ್‌ಹೆಡ್ ಮಾಡಿದ್ದು 1866ರಲ್ಲಿ. ಈ ಬಾಟಲಿ 19ನೇ ಶತಮಾನದ ಆರಂಭದಿಂದಲೇ ಬಳಕೆಯಲ್ಲಿತ್ತು. ಅಂದರೆ ತಾತನಿಗೆ ಮೊಮ್ಮಗನ ಹೆಸರಿಟ್ಟಂಗಾಯ್ತು. ಅದೂ ಹೋಲಿಕೆಯಿಂದ ಬಂದ ಹೆಸರೇ, ನನ್ನ ಆ್ಯಪ್ ಮಾಡಿದ ಕೆಲಸವನ್ನೇ ಮನುಷ್ಯರೂ ಮಾಡಿದ್ದಾರೆ. ಹ್ಯಾಮಿಲ್ಟನ್ ಅನ್ನೋದು ಇದಕ್ಕೆ ಪೇಟೆಂಟ್ ತಗೊಂಡವನ ಹೆಸರು. ಎರಡೂ ಹೆಸರು ಗೊತ್ತಾದ ಮೇಲೂ ನನ್ನ ಪ್ರಶ್ನೆ ಇದ್ದಲ್ಲೇ ಇತ್ತು. ತಳ ಯಾಕಿಲ್ಲ?

ಅಪ್ಪನನ್ನು ಕೇಳಿದೆ. "ಕುಡಿದು ಮುಗ್ಸೋವರ್ಗೂ ಕೆಳಗೆ ಇಡಬಾರ್ದು ಅಂತ ಮಾಡಿರ್ತಾರೆ. ಬಾಟ್ಲಿ ಬೇಗ ವಾಪಸ್ ಬರುತ್ತಲ್ಲ" ಅಂದರು. ಅಂಗಡಿಯವನ ಉತ್ತರ, ಚೆನ್ನಾಗಿದೆ, ಆದರೆ ಸರಿಯಲ್ಲ. ಊರಿನ ಹಿರಿಯರಿಗೆ ಎಲ್ಲವೂ ಗೊತ್ತು ಅಂತ ಬರೆಯೋ ಚಟ ನಮ್ಮಂಥವರಿಗೆ ಇದೆ, ಅದಕ್ಕೇ ಹೇಳ್ತಿದ್ದೀನಿ. ಅಪ್ಪನಿಗೆ ಅರ್ಧ ಗೊತ್ತಿತ್ತು. ಉಳಿದರ್ಧ ಓದಬೇಕಾಯಿತು.

ನೀರಿಗೆ ಗ್ಯಾಸ್ ತುಂಬುವ ವಿಧಾನವನ್ನು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಪುಸ್ತಿಕೆಯಾಗಿ ಬರೆದ. ಜೇಕಬ್ ಶ್ವೆಪ್ ಅನ್ನುವವನು 1783ರಲ್ಲಿ ಜಿನೀವಾದಲ್ಲಿ ಅದನ್ನು ವ್ಯಾಪಾರ ಮಾಡಿಕೊಂಡ, 1792ರಲ್ಲಿ ಲಂಡನ್ನಿಗೆ ಹೋದ. ಇವತ್ತಿನ ಶ್ವೆಪ್ಸ್ ಅವನದೇ ಹೆಸರು. ಗ್ಯಾಸ್ ತುಂಬೋದೇನೋ ಸರಿ, ಅದನ್ನು ಒಳಗೆ ಹಿಡಿದಿಡೋದು ಹೇಗೆ? ಆಗ ಬಾಟಲಿಗೆ ಇದ್ದ ಮುಚ್ಚಳ ಕಾರ್ಕ್. ಅದು ಮರದ ತೊಗಟೆ. ಒದ್ದೆಯಾಗಿದ್ದರೆ ಉಬ್ಬಿ ಬಿಗಿಯಾಗಿರುತ್ತೆ, ಒಣಗಿದರೆ ಕುಗ್ಗುತ್ತೆ. ಬಾಟಲಿ ನೆಟ್ಟಗೆ ನಿಂತರೆ ಕಾರ್ಕಿಗೆ ನೀರು ತಾಗಲ್ಲ, ಒಣಗುತ್ತೆ, ಗ್ಯಾಸ್ ಹೋಗುತ್ತೆ, ಸೋಡಾ ಬರೀ ನೀರಾಗುತ್ತೆ. ಮಲಗಿಸಿಟ್ಟರೆ ನೀರು ಯಾವಾಗಲೂ ಕಾರ್ಕಿಗೆ ತಾಗಿರುತ್ತೆ.

ಹಾಗಾದರೆ "ಮಲಗಿಸಿಡಿ" ಅಂತ ಚೀಟಿ ಅಂಟಿಸಿದ್ದರೆ ಸಾಲದಿತ್ತಾ? ಸಾಲದು. ನಾವು ಆಫೀಸಿನಲ್ಲಿ ಎಷ್ಟು ಡಾಕ್ಯುಮೆಂಟ್ ಬರೀತೀವಿ, ಎಷ್ಟು ಜನ ಓದ್ತಾರೆ ಹೇಳಿ. ಹಡಗಿನ ಕೂಲಿ, ಗೋದಾಮಿನವನು, ಅಂಗಡಿಯವನು, ಮನೆಯ ಆಳು, ಇಷ್ಟು ಕೈ ದಾಟುವ ಬಾಟಲಿ ಅದು. ಒಬ್ಬ ನೆಟ್ಟಗೆ ನಿಲ್ಲಿಸಿದರೂ ಮಾಲು ಕೆಟ್ಟಿತು. ಅದಕ್ಕೇ ನಿಲ್ಲುವ ಅವಕಾಶವನ್ನೇ ತೆಗೆದುಹಾಕಿದರು. ಸಿಮ್ ಕಾರ್ಡಿನ ಒಂದು ಮೂಲೆ ಕತ್ತರಿಸಿರುತ್ತಲ್ಲ, ತಿರುಗಾಮುರುಗಾ ಹಾಕೋಕೇ ಆಗದ ಹಾಗೆ, ಅದೇ ಉಪಾಯ. ಬಳಸುವವನಿಗೆ ಕಾರಣ ಗೊತ್ತಿರಬೇಕಾಗಿಲ್ಲ, ವಸ್ತುವೇ ಸರಿಯಾಗಿ ಮಾಡಿಸಿಕೊಳ್ಳುತ್ತೆ.

ಕಾರ್ಕಿನ ಕಥೆ ಎಲ್ಲ ಕಡೆ ಸಿಗುತ್ತೆ, ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಆ ಆಕಾರದಿಂದ ಇನ್ನೊಂದು ಲಾಭವೂ ಇದೆ. ಒಳಗಿಂದ ಒತ್ತಡ ಬಿದ್ದಾಗ ಚಪ್ಪಟೆ ತಳ ಮತ್ತು ಅದರ ಮೂಲೆ ದುರ್ಬಲ ಜಾಗ, ದುಂಡು ತಳ ಒತ್ತಡವನ್ನು ಸಮನಾಗಿ ಹಂಚುತ್ತೆ. ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನು ನೋಡಿ. ಅದರ ತಳವೂ ದುಂಡಗೇ ಇದೆ. ನಿಲ್ಲೋದು ಕೆಳಗೆ ಬೆಸುಗೆ ಹಾಕಿದ ಉಂಗುರದ ಮೇಲೆ. ಇನ್ನೂ ಹತ್ತಿರದ್ದು ಬೇಕೆಂದರೆ ಫ್ರಿಜ್ಜಿನಲ್ಲಿರುವ ಪ್ಲಾಸ್ಟಿಕ್ ಕೋಲಾ ಬಾಟಲಿ ತಿರುಗಿಸಿ ನೋಡಿ. ತಳದಲ್ಲಿ ಐದು ಪಾದ, ನಡುವೆ ಗುಳಿ. ಪಕ್ಕದ ಕುಡಿಯುವ ನೀರಿನ ಬಾಟಲಿಗೆ ಅಷ್ಟು ಗಟ್ಟಿ ಪಾದ ಬೇಕಿಲ್ಲ. ಕೋಣೆಯ ಬಿಸಿಯಲ್ಲಿ ಮುಚ್ಚಿದ ಕೋಲಾ ಬಾಟಲಿಯೊಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಹೆಚ್ಚಿರುತ್ತೆ. ಚಪ್ಪಟೆ ತಳ ಇದ್ದರೆ ಉಬ್ಬಿಕೊಂಡು ಬಾಟಲಿಯೇ ವಾಲಿಬಿಡುತ್ತೆ. ಪ್ಲಾಸ್ಟಿಕ್ ಸೋಡಾ ಬಾಟಲಿಗಳು ಬಂದ ಹೊಸತರಲ್ಲಿ ಅವಕ್ಕೂ ಅರ್ಧಗೋಳದ ತಳವೇ ಇತ್ತು, ನಿಲ್ಲಲಿ ಅಂತ ಕೆಳಗೊಂದು ಪ್ಲಾಸ್ಟಿಕ್ ಬಟ್ಟಲು ಅಂಟಿಸುತ್ತಿದ್ದರು. ಥೇಟ್ ನನ್ನ ಬಡಗಿ ಮಾಡಿದ ಸ್ಟ್ಯಾಂಡಿನ ಹಾಗೆ.

ವಿನ್ಯಾಸದಲ್ಲಿ ದೋಷ ಇಲ್ಲವೇ ಅಂದರೆ, ಇದೆ. ತೆರೆದ ಮೇಲೆ ಕೆಳಗಿಡೋಕೆ ಆಗಲ್ಲ. ಅರ್ಧ ಕುಡಿದು ಇಡೋಣ ಅಂದರೆ ಚೆಲ್ಲುತ್ತೆ. ಸಾಗಿಸುವವನ ಕಷ್ಟ ನೋಡಿ ಮಾಡಿದ ಬಾಟಲಿ, ಕುಡಿಯುವವನ ಕಷ್ಟ ನೋಡಲಿಲ್ಲ. ಮುಂದೆ ಇದೇ ಆಕಾರಕ್ಕೆ ಸಣ್ಣ ಚಪ್ಪಟೆ ತಳ ಕೊಟ್ಟ ಬಾಟಲಿಗಳೂ ಬಂದವು. ಆದರೆ ನಿಜವಾದ ಪರಿಹಾರ ಬಂದದ್ದು ಕಾರ್ಕನ್ನೇ ಬಿಟ್ಟಾಗ. ಹೈರಮ್ ಕಾಡ್ ಅನ್ನುವ ಇಂಗ್ಲೆಂಡಿನ ಎಂಜಿನಿಯರ್ 1872ರ ಹೊತ್ತಿಗೆ ಬಾಟಲಿಯ ಕುತ್ತಿಗೆಯಲ್ಲಿ ಗಾಜಿನ ಗೋಲಿ ಕೂರಿಸಿದ. ಬಾಟಲಿಯನ್ನು ತಲೆಕೆಳಗು ಮಾಡಿ ತುಂಬಿಸಬೇಕು, ಆಗ ಗೋಲಿ ಬಂದು ಬಾಯಿಯ ರಬ್ಬರ್ ಉಂಗುರಕ್ಕೆ ಕೂರುತ್ತೆ, ಒಳಗಿನ ಗ್ಯಾಸೇ ಅದನ್ನು ಒತ್ತಿ ಹಿಡಿಯುತ್ತೆ. ಹೊರಗೆ ನುಗ್ಗಲು ನೋಡುವ ಗ್ಯಾಸಿನ ಕೈಗೇ ಬಾಗಿಲು ಹಾಕುವ ಕೆಲಸ ಕೊಟ್ಟ ಬುದ್ಧಿ ಅದು. ಇನ್ನು ಬಾಟಲಿ ನಿಂತರೂ ಸರಿ, ಮಲಗಿದರೂ ಸರಿ. 1892ರಲ್ಲಿ ವಿಲಿಯಂ ಪೇಂಟರ್ ತಗಡಿನ ಕ್ರೌನ್ ಮುಚ್ಚಳಕ್ಕೆ ಪೇಟೆಂಟ್ ಪಡೆದ, ಆಮೇಲೆ ಗೋಲಿಯೂ ಬಹುತೇಕ ಕಡೆ ಮೂಲೆ ಸೇರಿತು. ಜಪಾನಿನ ರಾಮುನೆಯಲ್ಲಿ, ನಮ್ಮ ಗೋಲಿ ಸೋಡಾದಲ್ಲಿ ಉಳಿದುಕೊಂಡಿತು.

ಅಂದರೆ ನನ್ನ ನಿಗೂಢ ಬಾಟಲಿ ನಮ್ಮ ಅಂಗಡಿಯ ಗೋಲಿ ಸೋಡಾ ಬಾಟಲಿಯ ಅಜ್ಜ. ನಾನು ಅದೇ ವಂಶದ ಬಾಟಲಿಗಳನ್ನು ತೊಳೆದು ಬೆಳೆದವನು. ರಬ್ಬರ್ ಉಂಗುರ ಸವೆದರೆ ಗ್ಯಾಸ್ ಸೋರುತ್ತೆ ಅಂತ ಎಂಟನೇ ವಯಸ್ಸಿಗೇ ಗೊತ್ತಿತ್ತು. ಆದರೂ ದಪ್ಪ ಗಾಜು ಕೈಯಲ್ಲಿ ಹಿಡಿದು ಅತ್ತರ್ ಅನ್ನೋದನ್ನು ನಂಬಿದೆ. ಕೈಗೆ ಗೊತ್ತಿದ್ದದ್ದನ್ನು ತಲೆ ಕೇಳಲಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ಹೇಳದೆ ಈ ಬರಹ ಮುಗಿಸಿದರೆ ಮೋಸ. 2005ರಲ್ಲಿ ನಾನು ಬಿಇ ಮೂರನೇ ವರ್ಷ. ರಜೆಗೆ ಊರಿಗೆ ಹೋಗಿದ್ದೆ. ಅಷ್ಟೊತ್ತಿಗೆ ಸೋಡಾ ವ್ಯಾಪಾರ ನಿಂತು ಮೆಷಿನ್ನಿಗೆ ತುಕ್ಕು ಹಿಡಿದಿತ್ತು. ಹಿತ್ತಲಲ್ಲಿ ಆರು ಕ್ರೇಟ್ ಗೋಲಿ ಸೋಡಾ ಬಾಟಲಿ ಧೂಳು ತಿನ್ನುತ್ತಿತ್ತು. ಜಾಗ ಖಾಲಿಯಾಗಲಿ ಅಂತ ನಾನೇ ಗುಜರಿಯವನನ್ನು ಕರೆದೆ. ಕೇಜಿ ಲೆಕ್ಕದಲ್ಲಿ ತೂಗಿದ. ನೂರಾ ಇಪ್ಪತ್ತು ರೂಪಾಯಿ ಬಂತು. ಅದರಲ್ಲಿ ಮೊಬೈಲಿಗೆ ಕರೆನ್ಸಿ ಹಾಕಿಸಿಕೊಂಡೆ. ಅಪ್ಪ ಸಂತೆಯಿಂದ ಬಂದು ಖಾಲಿ ಹಿತ್ತಲು ನೋಡಿ, "ಒಂದೆರಡಾದ್ರೂ ಇಟ್ಕೋಬೋದಿತ್ತು" ಅಂದರು, ಅಷ್ಟೇ. ಯಾಕೆ ಅಂತ ನಾನು ಕೇಳಲಿಲ್ಲ.

ಈಗ ಅದೇ ಸಂಡೇ ಬಜಾರಿನಲ್ಲಿ ಗೋಲಿ ಸೋಡಾ ಬಾಟಲಿ ಒಂದಕ್ಕೆ ಮುನ್ನೂರು ಹೇಳ್ತಾರೆ. ಕೊಳ್ಳುವವರು ನಾವೇ. ನಮ್ಮ ಹಿತ್ತಲಿಂದ ಕೇಜಿ ಲೆಕ್ಕದಲ್ಲಿ ಹೋದದ್ದನ್ನು ಪೀಸ್ ಲೆಕ್ಕದಲ್ಲಿ ವಾಪಸ್ ತಂದು, 'ವಿಂಟೇಜ್' ಅಂತ ಹೆಸರಿಟ್ಟು, ಮನಿ ಪ್ಲಾಂಟ್ ಹಾಕಿ ಕಿಟಕಿಯಲ್ಲಿ ಇಡ್ತೀವಿ. ಹಳೆ ವಸ್ತು ಇಷ್ಟಪಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ನಾವು ಕೇಳುವ ಪ್ರಶ್ನೆಗಳ ಮೇಲೆ. ಯಾವ ಕಾಲದ್ದು, ಎಷ್ಟು ಬಾಳುತ್ತೆ, ಅಸಲಿಯೋ ನಕಲಿಯೋ. ಇವು ಹರಾಜಿನವನ ಪ್ರಶ್ನೆಗಳು. ಇವಕ್ಕೆ ಉತ್ತರ ಸಿಕ್ಕಿದರೂ ಆ ವಸ್ತುವಿನ ಜೊತೆ ಯಾರು ಏನು ಪಾಡು ಪಟ್ಟರು ಅನ್ನೋದು ಗೊತ್ತಾಗಲ್ಲ. ನಿಗೂಢ ಅಂತ ನಾವು ಕರೆಯುವ ಸಾಮಾನಿನಲ್ಲಿ ಎಷ್ಟೋ ಸಲ ನಿಗೂಢ ಏನೂ ಇರಲ್ಲ, ಅದನ್ನು ಬಳಸುತ್ತಿದ್ದವರ ಜೊತೆ ಮಾತು ನಿಂತುಹೋಗಿರುತ್ತೆ.

ನಿಮಗೂ ಎಲ್ಲಾದರೂ ಅರ್ಥವಾಗದ ಗಾಜಿನ ಸಾಮಾನು ಸಿಕ್ಕರೆ ಫೋನ್ ತೆಗೆಯೋ ಮೊದಲು ಸ್ವಲ್ಪ ಕೈಯಲ್ಲಿ ಹಿಡಿದು ನೋಡಿ. ಬೇಕಾದ್ದಕ್ಕಿಂತ ಭಾರ ಇದೆಯಾ, ಇದ್ದರೆ ಯಾವುದನ್ನು ತಡೆಯೋಕೆ? ಬಾಯಿ ಹೇಗಿದೆ, ಅದಕ್ಕೆ ಏನು ಮುಚ್ಚಿರಬಹುದು? ಅಕ್ಷರವನ್ನು ಕಾಗದದಲ್ಲಿ ಅಂಟಿಸದೆ ಗಾಜಿನಲ್ಲೇ ಉಬ್ಬಿಸಿದ್ದಾರೆ ಅಂದರೆ, ತೊಳೆದು ಮತ್ತೆ ತುಂಬಲು ಬಾಟಲಿ ವಾಪಸ್ ಬರಲಿ ಅನ್ನುವ ಮಾಲೀಕ ಒಬ್ಬ ಇದ್ದನಾ? ಎಲ್ಲಕ್ಕಿಂತ ಮುಖ್ಯ, ನೋಡಿದ ಕೂಡಲೇ ದೋಷ ಅನ್ನಿಸುವುದು ಯಾವುದು? ಅದನ್ನು ಸರಿಮಾಡೋಕೆ ಬಡಗಿ ಹತ್ತಿರ ಓಡಬೇಡಿ. ಉತ್ತರ ಅಲ್ಲೇ ಇರುವ ಸಾಧ್ಯತೆ ಹೆಚ್ಚು.

ಅಪ್ಪ ಊರಿಗೆ ಹೊರಡೋ ದಿನ, "ಎಷ್ಟು ಕೊಟ್ಟೆ ಇದಕ್ಕೆ?" ಅಂತ ಕೇಳಿದ್ದರು. ಇನ್ನೂರು ಅಂದಿದ್ದೆ. "ಜಾಸ್ತಿ ಆಯ್ತು" ಅಂದಿದ್ದರು. ಈ ಬರಹ ಮುಗಿಸುವ ಮೊದಲು ಫೋನ್ ಮಾಡಿ ನಿಜ ಹೇಳಿದೆ. ಬೈತಾರೆ ಅಂದುಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಮ್ ಹಿತ್ತಲಲ್ಲಿದ್ದವು ಈಗ ಎಷ್ಟಾಗಿರೋವು?" ಅಂತ ಕೇಳಿದರು.

ಆರು ಕ್ರೇಟು, ಕ್ರೇಟಿಗೆ ಇಪ್ಪತ್ತನಾಲ್ಕು. ನಾನು ಆ ಲೆಕ್ಕ ಎಂದೋ ಹಾಕಿದ್ದೆ. "ಗೊತ್ತಿಲ್ಲಪ್ಪ" ಅಂದೆ. ಸ್ಟ್ಯಾಂಡನ್ನು ತೆಗೆದಿಟ್ಟಿದ್ದೀನಿ. ಬಾಟಲಿ ಈಗ ಪುಸ್ತಕದ ಕಪಾಟಿನಲ್ಲಿ, ಮಡಿಸಿದ ಟವೆಲ್ ಮೇಲೆ ಮಲಗಿದೆ.